ನಾರಾಯಣಪೇಟೆಗೆ 20 ಬೈಟ್ ಸಾಲದು: ಡಿಬಗರ್ ಹುಡುಕುತ್ತಿರುವವರಿಗೆ ಒಂದು ಬಹಿರಂಗ ಪತ್ರ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ, ಹೊಸದಾಗಿ ಪ್ರೋಗ್ರಾಮಿಂಗ್ ನೌಕರಿ ಹಿಡಿದವರಿಗೆ, ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಕರಿಗೆ,

ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆಯಿರಿ. ಒಂದು ಸ್ಟ್ರಕ್ಚರ್, ಅದರೊಳಗೆ ಊರಿನ ಹೆಸರಿಗೆ 20 ಬೈಟ್ ಜಾಗ, ಅದಕ್ಕೆ ಅಂಟಿಕೊಂಡು ಜಮೀನಿನ ಗುಂಟೆಗೊಂದು ಇಂಟಿಜರ್. ಇಂಥ ಮೂರು ದಾಖಲೆಗಳ ಒಂದು ಅರೇ. ಫೈಲಿನಿಂದ ಒಂದೊಂದೇ ಸಾಲು ಓದಿ, ಮೊದಲು ಗುಂಟೆ ತುಂಬಿ, ಆಮೇಲೆ ಸ್ಟ್ರ್‌ಕಾಪಿ ಕರೆದು ಹೆಸರು ತುಂಬಿ. ಮೂರು ಊರುಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿದ್ದರೆ ಎಲ್ಲವೂ ಸರಿಯಾಗಿ ಅಚ್ಚಾಗುತ್ತದೆ. ಅದೇ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟು ನೋಡಿ. ಎರಡನೆಯ ಸಾಲಿನ ‘ಮಕ್ತಲ್’ ಸರಿಯಾಗಿದೆ, ಮೂರನೆಯ ಸಾಲಿನ ‘ಗದ್ವಾಲ’ ಸರಿಯಾಗಿದೆ. ಮೊದಲ ಸಾಲಿನಲ್ಲಿ ಮಾತ್ರ ಭೂಪಟದಲ್ಲೇ ಇಲ್ಲದ ಊರೊಂದು ಹುಟ್ಟಿಕೊಂಡಿರುತ್ತದೆ: ‘ನಾರಾಯಣಪೇಮಕ್ತಲ್’. ಅದರ ಪಕ್ಕದಲ್ಲಿ, ನೀವು ತುಂಬಿದ್ದ 210 ಗುಂಟೆಯ ಬದಲಿಗೆ -2018254678.

ಪ್ರೋಗ್ರಾಂ ಕುಸಿಯುವುದಿಲ್ಲ, ದೋಷದ ಸಂದೇಶ ಬರುವುದಿಲ್ಲ, ಕಂಪೈಲರ್ ಗೊಣಗುವುದೂ ಇಲ್ಲ. ತಪ್ಪು ಎಲ್ಲಿ ನಡೆಯಿತು ಎಂದು ಹುಡುಕಲು ಬಹುಪಾಲು ಹೊಸಬರು ಮಾಡುವುದು ಒಂದೇ ಕೆಲಸ, ಸಾಲಿಗೊಂದು ಪ್ರಿಂಟ್‌ಎಫ್ ತುರುಕುವುದು. ಈ ಪತ್ರ ಅದಕ್ಕಿಂತ ಒಳ್ಳೆಯ ದಾರಿಯ ಬಗ್ಗೆ. ಕಣ್ಣೆದುರೇ ಪ್ರೋಗ್ರಾಮನ್ನು ನಿಲ್ಲಿಸಿ, ಒಳಗೆ ಇಣುಕಲು ಕಿಟಕಿ ತೆರೆಯುವ ಗ್ರಾಫಿಕಲ್ ಡಿಬಗರುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಸಿ, ಸಿ++ನಂಥ ಕಂಪೈಲ್ ಆದ ಪ್ರೋಗ್ರಾಮಿಗೆ ಯಾವುದು, ಡೇಟಾಬೇಸಿನೊಳಗೆ ಓಡುವ ಫಂಕ್ಷನ್, ಪ್ರೊಸೀಜರುಗಳಿಗೆ ಯಾವುದು?

ಇದನ್ನು ನಿಮಗೇ ಬರೆಯುವುದಕ್ಕೆ ಕಾರಣವಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ರಾಯಚೂರು ಮೈಸೂರಿಗೆ ಬಂತು. ಅದೇ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋಗಿ ಮಹಬೂಬ್‌ನಗರ ಜಿಲ್ಲೆ ಸೇರಿದವು. ಗದ್ವಾಲ 2016ರ ಅಕ್ಟೋಬರಿನಲ್ಲಿ ಜೋಗುಳಾಂಬಾ ಹೆಸರಿನ ಜಿಲ್ಲೆಯ ಕೇಂದ್ರವಾಯಿತು, ನಾರಾಯಣಪೇಟೆ 2019ರ ಫೆಬ್ರವರಿಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ನಕ್ಷೆಯ ಗೆರೆಗಳು ಇಷ್ಟು ಸಲ ಬದಲಾಗಿ ಈ ಸೀಮೆ ಈಗ ತೆಲಂಗಾಣದಲ್ಲಿದ್ದರೂ ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿದ್ದಾರೆ. 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ನಡುವಿನ 37 ಕಿಲೋಮೀಟರ್ ಹೊಸ ರೈಲು ಮಾರ್ಗ ಉದ್ಘಾಟನೆಯಾಗಿ, ಮಕ್ತಲ್ ಮೇಲಿಂದ ರಾಯಚೂರು–ಕಾಚಿಗುಡ ರೈಲು ಓಡತೊಡಗಿದೆ. ಆ ರೈಲಿನಲ್ಲಿ ಒಂದು ದಿಕ್ಕಿಗೆ ಹೋದರೆ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳು, ಇನ್ನೊಂದು ದಿಕ್ಕಿಗೆ ಹೋದರೆ ರಾಯಚೂರು, ಅಲ್ಲಿ 2019ರಲ್ಲಿ ಆರಂಭವಾದ ಐಐಐಟಿ. ಎರಡು ಲಿಪಿ, ಎರಡು ರಾಜ್ಯದ ಪಹಣಿ, ಎಕರೆ–ಗುಂಟೆಯ ಲೆಕ್ಕ. ನಿಮ್ಮ ಪ್ರೋಗ್ರಾಮುಗಳಿಗೆ ಬರುವ ಡೇಟಾ ಬೆಂಗಳೂರಿನ ಪಠ್ಯಪುಸ್ತಕದ ಉದಾಹರಣೆಯಷ್ಟು ಸರಳವಾಗಿರುವುದಿಲ್ಲ.

ಈಗ ಮೊದಲ ಪ್ರೋಗ್ರಾಮಿಗೆ ಬನ್ನಿ. ಅದನ್ನು ಜಿಸಿಸಿಯಲ್ಲಿ ಕಂಪೈಲ್ ಮಾಡುವಾಗ ‘-ಜಿ’ ಎಂಬ ಆಯ್ಕೆ ಕೊಡಬೇಕು. ಅದಿಲ್ಲದಿದ್ದರೆ ಡಿಬಗರಿಗೆ ನಿಮ್ಮ ವೇರಿಯೇಬಲ್ಲಿನ ಹೆಸರೂ ಗೊತ್ತಿರುವುದಿಲ್ಲ, ಸಾಲಿನ ಸಂಖ್ಯೆಯೂ ಗೊತ್ತಿರುವುದಿಲ್ಲ. ಬರೀ ಯಂತ್ರಭಾಷೆಯ ಆದೇಶಗಳು ಕಾಣುತ್ತವೆ. ಆಪ್ಟಿಮೈಸೇಶನ್ನನ್ನು ಸೊನ್ನೆಗೆ ಇಳಿಸಬೇಕು. ಇಳಿಸದೆ ಹೋದರೆ ಕಂಪೈಲರ್ ಸಾಲುಗಳನ್ನು ಹಿಂದುಮುಂದು ಮಾಡಿರುತ್ತದೆ. ಎಂಟನೆಯ ಸಾಲಿನಿಂದ ಹನ್ನೊಂದಕ್ಕೆ ಹಾರಿ ಮತ್ತೆ ಒಂಬತ್ತಕ್ಕೆ ಬರುವ ಹಳದಿ ಪಟ್ಟಿಯನ್ನು ನೋಡಿ ಡಿಬಗರ್ ಕೆಟ್ಟಿದೆ ಎಂದು ಬೈದವರು ಬಹಳ ಮಂದಿ. ಕೆಟ್ಟಿರುವುದು ಡಿಬಗರ್ ಅಲ್ಲ, ಕಂಪೈಲ್ ಮಾಡಿದ ಕ್ರಮ.

ಆಮೇಲೆ ಮೊದಲ ದಾಖಲೆಗೆ ಗುಂಟೆ ತುಂಬಿದ ಸಾಲಿನ ನಂತರ ಒಂದು ಬ್ರೇಕ್‌ಪಾಯಿಂಟ್ ಇಡಿ. ಪ್ರೋಗ್ರಾಂ ಅಲ್ಲಿ ನಿಂತಾಗ ಗುಂಟೆಯ ಮೌಲ್ಯ 210 ಎಂದು ಕಾಣುತ್ತದೆ. ಈಗ ಅದೇ ವೇರಿಯೇಬಲ್ಲಿನ ಮೇಲೆ ವಾಚ್‌ಪಾಯಿಂಟ್ ಹಾಕಿ. ವಿಷುಯಲ್ ಸ್ಟುಡಿಯೋದಲ್ಲಿ ಇದಕ್ಕೆ ಡೇಟಾ ಬ್ರೇಕ್‌ಪಾಯಿಂಟ್ ಎನ್ನುತ್ತಾರೆ. ಅರ್ಥ ಇಷ್ಟೇ, ಈ ಜಾಗದ ಮೌಲ್ಯವನ್ನು ಯಾರೇ ಮುಟ್ಟಿದರೂ ಅಲ್ಲೇ ಹಿಡಿದು ನಿಲ್ಲಿಸು. ಮುಂದಕ್ಕೆ ಓಡಿಸಿದ ಕೂಡಲೇ ಪ್ರೋಗ್ರಾಂ ಸ್ಟ್ರ್‌ಕಾಪಿಯ ಹೊಟ್ಟೆಯೊಳಗೆ ನಿಲ್ಲುತ್ತದೆ. ಕಾಲ್ ಸ್ಟ್ಯಾಕ್ ಕಿಟಕಿಯಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಿದರೆ ಹೆಸರು ತುಂಬುವ ನಿಮ್ಮದೇ ಸಾಲು. ಗುಂಟೆಯನ್ನು ಕೆಡಿಸಿದ್ದು ಹೆಸರು.

ಲೆಕ್ಕ ಹೀಗಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟ್ ತಿನ್ನುತ್ತದೆ. ಕಾಗುಣಿತದ ಗುರುತು, ಹಲಂತ ಎಲ್ಲವೂ ಬೇರೆ ಬೇರೆ ಸಂಕೇತ. ‘ಮಕ್ತಲ್’ ಎಂದರೆ 6 ಸಂಕೇತ, 18 ಬೈಟ್. ಕೊನೆಯ ಸೊನ್ನೆ ಸೇರಿ 19. ‘ಗದ್ವಾಲ’ ಕೂಡ 19. ಎರಡೂ 20ರೊಳಗೆ ಕೂತವು. ‘ನಾರಾಯಣಪೇಟೆ’ 10 ಸಂಕೇತ, 30 ಬೈಟ್, ಸೊನ್ನೆ ಸೇರಿ 31. ಮೊದಲ 20 ಬೈಟ್ ತಮ್ಮ ಜಾಗದಲ್ಲಿ ಕೂತು, ಮುಂದಿನ 4 ಬೈಟ್ ಗುಂಟೆಯ ಜಾಗಕ್ಕೆ ನುಗ್ಗಿದವು. ‘ಪ’ದ ಕೊನೆಯ ಬೈಟ್ ಮತ್ತು ಏತ್ವದ ಮೂರು ಬೈಟ್ ಸೇರಿದ್ದನ್ನು ಇಂಟೆಲ್ ಪ್ರೊಸೆಸರ್ ಸಂಖ್ಯೆ ಎಂದು ಓದಿದಾಗ ಸಿಕ್ಕಿದ್ದೇ ಆ ಇನ್ನೂರು ಕೋಟಿ ಚಿಲ್ಲರೆಯ ಋಣ ಸಂಖ್ಯೆ. ಉಳಿದ 7 ಬೈಟ್ ಎರಡನೆಯ ದಾಖಲೆಯೊಳಗೆ ಬಿದ್ದು, ಅಲ್ಲಿ ಮಕ್ತಲ್ ಬಂದು ಕೂತಾಗ ಅಳಿಸಿಹೋದವು. ಮೊದಲ ಹೆಸರಿನ ಕೊನೆಯ ಸೊನ್ನೆಯೂ ಅವುಗಳ ಜೊತೆಗೇ ಹೋಯಿತು. ಹಾಗಾಗಿ ಅಚ್ಚು ಮಾಡುವಾಗ ‘ನಾರಾಯಣಪೇ’ ಮುಗಿಯಲಿಲ್ಲ, ಮಕ್ತಲಿನೊಳಗೆ ಹರಿಯಿತು.

ಇನ್ನೂ ಒಂದು ಸೂಕ್ಷ್ಮವಿದೆ. ಗದ್ವಾಲವನ್ನು ಕೆಲವರು ಕೊನೆಗೆ ಹಲಂತ ಹಾಕಿ ‘ಗದ್ವಾಲ್’ ಎಂದು ಬರೆಯುತ್ತಾರೆ. ಆ ಒಂದು ಹಲಂತಕ್ಕೆ 3 ಬೈಟ್ ಹೆಚ್ಚಾಗಿ ಒಟ್ಟು 22 ಆಗುತ್ತದೆ, 2 ಬೈಟ್ ಗುಂಟೆಯೊಳಗೆ ಬೀಳುತ್ತವೆ. ಒಬ್ಬ ಗುಮಾಸ್ತ ಟೈಪ್ ಮಾಡಿದ ಫೈಲ್ ಓಡುತ್ತದೆ, ಇನ್ನೊಬ್ಬರದು ಕೆಡುತ್ತದೆ. ಪ್ರಿಂಟ್‌ಎಫ್ ಹಾಕುತ್ತ ಕೂತರೆ ಇದು ದೆವ್ವದ ಕಾಟದಂತೆ ತೋರುತ್ತದೆ. ವಾಚ್‌ಪಾಯಿಂಟ್ ಇದ್ದರೆ ಒಂದೇ ಓಟದಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಕಂಪೈಲ್ ಆದ ಪ್ರೋಗ್ರಾಮಿಗೆ ಡಿಬಗರ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಅದು ಎಷ್ಟು ಚೆಂದ ಕಾಣುತ್ತದೆ ಎಂಬುದಲ್ಲ. ವಾಚ್‌ಪಾಯಿಂಟ್ ಸುಲಭವಾಗಿ ಹಾಕಬಹುದೇ, ಮೆಮೊರಿಯನ್ನು ಬೈಟ್ ಬೈಟಾಗಿ ತೋರಿಸುತ್ತದೆಯೇ ಎಂಬುದು.

ಬೈಟುಗಳನ್ನು ನೋಡುವುದು ಗಡಿಸೀಮೆಯವರಿಗೆ ಇನ್ನೊಂದು ಕಾರಣಕ್ಕೂ ಬೇಕು. ಯುಟಿಎಫ್-8 ಅಲ್ಲದ ವಾತಾವರಣದಲ್ಲಿ ಜಿಡಿಬಿ ಎಂಬ ಡಿಬಗರ್ ಕನ್ನಡ ಅಕ್ಷರಗಳನ್ನು ಎಂಟರ ಪದ್ಧತಿಯ ಸಂಖ್ಯೆಗಳಾಗಿ ತೋರಿಸುತ್ತದೆ. ‘ನ’ ಎಂಬುದು 340, 262, 250 ಎಂದು ಕಾಣುತ್ತದೆ. ತೆಲುಗು ಕನ್ನಡ ಎರಡೂ 340ರಿಂದಲೇ ಶುರುವಾಗುತ್ತವೆ. ಎರಡನೆಯ ಬೈಟ್ 260 ಅಥವಾ 261 ಆದರೆ ತೆಲುಗು, 262 ಅಥವಾ 263 ಆದರೆ ಕನ್ನಡ. ಎರಡೂ ಲಿಪಿಯ ಹೆಸರುಗಳು ಬೆರೆತುಬರುವ ಫೈಲಿನಲ್ಲಿ ಯಾವ ಸಾಲು ಯಾವುದೆಂದು ಫಾಂಟ್ ಇಲ್ಲದ ಪರದೆಯ ಮೇಲೂ ಗುರುತು ಹಿಡಿಯಬಹುದು.

ಈಗ ಉಪಕರಣಗಳ ವಿಚಾರ. ಲಿನಕ್ಸಿನಲ್ಲಿ ಸಿ, ಸಿ++ ಡಿಬಗ್ ಮಾಡುವ ಬಹುಪಾಲು ಕಿಟಕಿಗಳ ಹಿಂದೆ ಇರುವ ಯಂತ್ರ ಒಂದೇ, ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಯೋಜನೆಗಾಗಿ ಬರೆದದ್ದು. ಅದು ಕಮಾಂಡ್ ಸಾಲಿನ ಉಪಕರಣ. 1990ರ ದಶಕದಲ್ಲಿ ಆಂಡ್ರಿಯಾಸ್ ಜೆಲ್ಲರ್ ಮತ್ತು ಡೊರೊಥಿಯಾ ಲುಟ್ಕೆಹೌಸ್ ಅದಕ್ಕೆ ಡಿಡಿಡಿ ಎಂಬ ಗ್ರಾಫಿಕಲ್ ಮುಖ ಕಟ್ಟಿದರು. ಲಿಂಕ್ಡ್ ಲಿಸ್ಟಿನ ಒಂದೊಂದು ಕೊಂಡಿಯನ್ನೂ ಪೆಟ್ಟಿಗೆ–ಬಾಣಗಳ ಚಿತ್ರವಾಗಿ ಬಿಡಿಸಿ ತೋರಿಸುವ ಅದರ ಗುಣಕ್ಕೆ ಇಂದಿಗೂ ಬೆಲೆಯಿದೆ. ಕೆಡಿಇ ಬಳಗದ ಕೆಡಿಬಿಜಿ, ಕ್ಯೂಟಿ ಕ್ರಿಯೇಟರ್, ಎಕ್ಲಿಪ್ಸ್ ಸಿಡಿಟಿ ಎಲ್ಲವೂ ಲಿನಕ್ಸಿನಲ್ಲಿ ಜಿಡಿಬಿಯನ್ನೇ ಓಡಿಸುತ್ತವೆ. 2015ರಲ್ಲಿ ಬಂದ ವಿಎಸ್ ಕೋಡ್ ಸಹ ತಾನೇ ಡಿಬಗ್ ಮಾಡುವುದಿಲ್ಲ. ವಿಸ್ತರಣೆಯೊಂದರ ಮೂಲಕ ಜಿಡಿಬಿಯನ್ನು ಅಥವಾ ಎಲ್‌ಎಲ್‌ಡಿಬಿ ಎಂಬ ಇನ್ನೊಂದು ಡಿಬಗರನ್ನು ಕರೆಯುತ್ತದೆ. ಗದ್ವಾಲ ಸೀರೆಯ ಹಾಗೆ, ಕಣ್ಣಿಗೆ ಬೀಳುವುದು ರೇಷ್ಮೆಯ ಅಂಚು, ಮೈ ತುಂಬ ಇರುವುದು ಹತ್ತಿಯ ಒಡಲು. ಒಡಲಿನ ಗುರುತು ಇದ್ದವರಿಗೆ ಅಂಚು ಬದಲಾದರೂ ಗಾಬರಿಯಾಗುವುದಿಲ್ಲ.

ಹಾಗಾದರೆ ಯಾವ ಮುಖ? ನಿಮ್ಮ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಅಥವಾ ಹೆಚ್ಚಿನ ರ್‍ಯಾಮ್ ಇದ್ದರೆ ವಿಎಸ್ ಕೋಡ್ ಒಳ್ಳೆಯದು. ಎಡಗಡೆ ವೇರಿಯೇಬಲ್, ಕೆಳಗೆ ಕಾಲ್ ಸ್ಟ್ಯಾಕ್, ಎಫ್10 ಒತ್ತಿದರೆ ಒಂದು ಸಾಲು ಮುಂದೆ, ಎಫ್11 ಒತ್ತಿದರೆ ಫಂಕ್ಷನ್ನಿನ ಒಳಗೆ. ನಾಳೆ ಪೈಥಾನ್, ಜಾವಾಸ್ಕ್ರಿಪ್ಟ್ ಕಲಿತಾಗಲೂ ಇದೇ ಗುಂಡಿಗಳು. ಆದರೆ ಅದು ಒಂದು ಬ್ರೌಸರಿನ ಯಂತ್ರವನ್ನು ಬೆನ್ನ ಮೇಲೆ ಹೊತ್ತು ಓಡುವ ಸಾಫ್ಟ್‌ವೇರ್. 4 ಜಿಬಿಯ ಹಳೆಯ ಲ್ಯಾಬ್ ಯಂತ್ರಗಳಲ್ಲಿ ಏದುಸಿರು ಬಿಡುತ್ತದೆ. ಅಲ್ಲಿ ಕೆಡಿಬಿಜಿ ಹಗುರ. ಅದೂ ಬೇಡವೆಂದರೆ ಜಿಡಿಬಿಗೇ ಟಿಯುಐ ಎಂಬ ಮುಖವಿದೆ. ಕಂಟ್ರೋಲ್-ಎಕ್ಸ್ ಆಮೇಲೆ ಎ ಒತ್ತಿದರೆ ಟರ್ಮಿನಲ್ಲಿನಲ್ಲೇ ಪರದೆ ಎರಡಾಗಿ, ಮೇಲೆ ಪ್ರೋಗ್ರಾಮಿನ ಸಾಲುಗಳು ಕಾಣುತ್ತವೆ. ವಿಂಡೋಸಿನಲ್ಲೇ ಕೆಲಸ ಎಂದಾದರೆ ವಿಷುಯಲ್ ಸ್ಟುಡಿಯೋದ ಕಮ್ಯುನಿಟಿ ಆವೃತ್ತಿ ವಿದ್ಯಾರ್ಥಿಗಳಿಗೆ ಉಚಿತ. ಅದರ ಡಿಬಗರ್ ಬಹಳ ಪಕ್ವ, ಆದರೆ ಡಿಸ್ಕಿನಲ್ಲಿ ಹಲವು ಜಿಬಿ ಜಾಗ ಕೇಳುತ್ತದೆ. ದಿನಕ್ಕೊಮ್ಮೆ ಮಾತ್ರ ಕಾಣಿಸಿಕೊಂಡು ಮಾಯವಾಗುವ ದೋಷಗಳಿಗೆ, ಮೊಝಿಲ್ಲಾದವರು ಹೊರತಂದ ಆರ್‌ಆರ್ ಎಂಬ ಉಪಕರಣವಿದೆ. ಓಟವನ್ನು ಧ್ವನಿಮುದ್ರಿಕೆಯಂತೆ ದಾಖಲಿಸಿಕೊಂಡು, ತಪ್ಪಿನಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ನಡೆಯಲು ಬಿಡುತ್ತದೆ. ಅದು ನೌಕರಿ ಸೇರಿದ ಮೇಲೆ ಕಲಿತರೂ ನಡೆಯುತ್ತದೆ.

ಟರ್ಬೊ ಸಿ++ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆಯ ಅನೇಕ ಕಾಲೇಜುಗಳ ಲ್ಯಾಬಿನಲ್ಲಿ ಆ ನೀಲಿ ಪರದೆ ಇನ್ನೂ ಡಾಸ್‌ಬಾಕ್ಸಿನೊಳಗೆ ಉಸಿರಾಡುತ್ತಿದೆ. ತನ್ನ ಕಾಲಕ್ಕೆ ಅದು ಅಚ್ಚರಿಯ ಉಪಕರಣವೇ. ಎಫ್7, ಎಫ್8 ಒತ್ತಿ ಸಾಲು ಸಾಲಾಗಿ ನಡೆಯುವುದನ್ನು ಒಂದು ತಲೆಮಾರಿಗೆ ಕಲಿಸಿದ್ದು ಅದೇ. ಆದರೆ ಅದರ ಇಂಟಿಜರ್ 16 ಬಿಟ್ಟಿನದು. 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. ಎಕರೆಗೆ 4840 ಚದರ ಗಜ. 6 ಎಕರೆಯನ್ನು ಗಜಕ್ಕೆ ಇಳಿಸಿದರೆ 29040, ಸರಿ. 7 ಎಕರೆಗೆ 33880 ಬರಬೇಕಾದಲ್ಲಿ -31656 ಬರುತ್ತದೆ. ಯೂನಿಕೋಡ್ ಕನ್ನಡವೂ ಅದರ ಪರದೆಗೆ ಗೊತ್ತಿಲ್ಲ. ಇಂದಿನ ಕಂಪೈಲರಿನಲ್ಲಿ ಇಲ್ಲದ ದೋಷಗಳನ್ನು ಹುಡುಕುತ್ತ ವಿದ್ಯಾರ್ಥಿಯ ಹೊತ್ತು ಹೋಗಬಾರದು.

ಇನ್ನು ಡೇಟಾಬೇಸಿನ ಕಡೆ ಬರೋಣ. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು ಅದೇ ಬಗೆಯ ‘ಧರಣಿ’ ಬಂತು; ಅದರ ಜಾಗಕ್ಕೆ 2025ರ ಏಪ್ರಿಲ್ 14ರಂದು ‘ಭೂ ಭಾರತಿ’ ಬಂತು. ಅದನ್ನು ಮೊದಲು ಪ್ರಯೋಗಕ್ಕೆ ಇಳಿಸಿದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಕೃಷ್ಣಾ ನದಿಯ ಎರಡು ದಡದಲ್ಲೂ ಜಮೀನು ಈಗ ಡೇಟಾಬೇಸಿನೊಳಗಿದೆ. ಹಾಗಾಗಿ ಪಾಲು ಹಂಚುವ ಲೆಕ್ಕವನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಿ. ಆ ಸರ್ಕಾರಿ ವ್ಯವಸ್ಥೆಗಳ ಒಳಗಿನ ಬರಹಕ್ಕೂ ಈ ಉದಾಹರಣೆಗೂ ಸಂಬಂಧವಿಲ್ಲ.

5 ಎಕರೆ 10 ಗುಂಟೆ ಹೊಲ, ಅಣ್ಣತಮ್ಮಂದಿರು ಮೂವರು. ಹೊಸಬರು ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಫಂಕ್ಷನ್ ಬರೆಯುವಾಗ ವಿಸ್ತೀರ್ಣವನ್ನು 5.10 ಎಂದು ದಶಮಾಂಶದಲ್ಲಿ ಇಟ್ಟುಬಿಡುತ್ತಾರೆ, ಪಹಣಿಯಲ್ಲಿ ಹಾಗೇ ಕಾಣುತ್ತದಲ್ಲ ಎಂದು. ಮೂರರಿಂದ ಭಾಗಿಸಿದರೆ 1.70. ಅಂದರೆ ತಲೆಗೆ 1 ಎಕರೆ 70 ಗುಂಟೆ! 40 ಗುಂಟೆಗೆ ಒಂದು ಎಕರೆ ಆಗುವ ಲೋಕದಲ್ಲಿ 70 ಗುಂಟೆ ಎಂಬುದೇ ಇಲ್ಲ. ಮೂವರ ಪಾಲು ಕೂಡಿಸಿದರೆ 330 ಗುಂಟೆ, ಅಂದರೆ 8 ಎಕರೆ 10 ಗುಂಟೆ. ಹಂಚುವ ಹೊತ್ತಿಗೆ ಹೊಲ 3 ಎಕರೆ ಬೆಳೆದಿದೆ. ಸರಿಯಾದ ದಾರಿ ಎಂದರೆ ಎಲ್ಲವನ್ನೂ ಗುಂಟೆಗೆ ಇಳಿಸಿ 210 ಮಾಡಿ, ಭಾಗಿಸಿ 70 ಪಡೆದು, ಮತ್ತೆ 1 ಎಕರೆ 30 ಗುಂಟೆಗೆ ಏರಿಸುವುದು.

ಅಲ್ಲಿಗೂ ಮುಗಿಯಲಿಲ್ಲ. ಹೊಲ 5 ಎಕರೆ 11 ಗುಂಟೆ ಇದ್ದರೆ 211ನ್ನು ಮೂರರಿಂದ ಭಾಗಿಸಬೇಕು. ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಎರಡು ಇಂಟಿಜರ್‌ಗಳನ್ನು ಭಾಗಿಸುವಾಗ ಶೇಷವನ್ನು ಬಿಟ್ಟುಬಿಡುತ್ತವೆ. ಉತ್ತರ 70, ಒಂದು ಗುಂಟೆ ಗಾಳಿಗೆ. ಒರಾಕಲ್ ಮತ್ತು ಮೈಎಸ್‌ಕ್ಯೂಎಲ್ 70.33 ಎಂದು ಕೊಡುತ್ತವೆ. ಒಂದೇ ಸಾಲು, ಎರಡು ಉತ್ತರ. ಗುಂಟೆಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಇಂಥ ಫಂಕ್ಷನ್ನನ್ನು ಸಾಲು ಸಾಲಾಗಿ ನಡೆಸಿ ನೋಡುವುದು ಸಿ ಪ್ರೋಗ್ರಾಮಿನಷ್ಟು ಸುಲಭವಲ್ಲ. ಕಾರಣ, ಅದು ನಿಮ್ಮ ಯಂತ್ರದ ಪ್ರೋಗ್ರಾಮಾಗಿ ಓಡುವುದಿಲ್ಲ, ಸರ್ವರಿನ ಒಳಗೆ ಓಡುತ್ತದೆ. ಸರ್ವರ್ ತಾನೇ ಬಾಗಿಲು ತೆರೆದು ಕೊಡದಿದ್ದರೆ ಹೊರಗಿನ ಯಾವ ಚೆಂದದ ಕಿಟಕಿಯಿಂದಲೂ ಒಳಗಿನದು ಕಾಣುವುದಿಲ್ಲ. ಆದ್ದರಿಂದ ಇಲ್ಲಿ ಉಪಕರಣಕ್ಕಿಂತ ಮೊದಲು ಡೇಟಾಬೇಸನ್ನೇ ವಿಚಾರಿಸಬೇಕು.

ಪೋಸ್ಟ್‌ಗ್ರೆಸ್ ಆ ಬಾಗಿಲನ್ನು ಒಂದು ವಿಸ್ತರಣೆಯ ಮೂಲಕ ಕೊಡುತ್ತದೆ, ಹೆಸರು ಪಿಎಲ್‌ಡಿಬಗರ್. ವಿಂಡೋಸಿಗೆ ಎಂಟರ್‌ಪ್ರೈಸ್‌ಡಿಬಿಯವರ ಇನ್‌ಸ್ಟಾಲರ್ ಬಳಸಿದರೆ ಜೊತೆಗೇ ಬರುತ್ತದೆ; ಲಿನಕ್ಸಿನಲ್ಲಿ ಬೇರೆ ಪ್ಯಾಕೇಜಾಗಿ ಹಾಕಬೇಕು. ಸರ್ವರಿನ ಸಂರಚನಾ ಫೈಲಿನಲ್ಲಿ ಅದನ್ನು ಮೊದಲೇ ಲೋಡ್ ಆಗುವ ಲೈಬ್ರರಿಗಳ ಸಾಲಿಗೆ ಸೇರಿಸಿ, ಸರ್ವರನ್ನು ಮರುಚಾಲನೆ ಮಾಡಿ, ನಿಮ್ಮ ಡೇಟಾಬೇಸಿನಲ್ಲಿ ‘ಪಿಎಲ್‌ಡಿಬಿಜಿಎಪಿಐ’ ವಿಸ್ತರಣೆಯನ್ನು ರಚಿಸಿದರೆ ಸಿದ್ಧ. ಆಮೇಲೆ ಪೋಸ್ಟ್‌ಗ್ರೆಸ್ಸಿನ ಗ್ರಾಫಿಕಲ್ ಉಪಕರಣವಾದ ಪಿಜಿಅಡ್ಮಿನ್‌ನಲ್ಲಿ ಫಂಕ್ಷನ್ನಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಬಗ್ ಮಾಡುವ ಆಯ್ಕೆ ಸಿಗುತ್ತದೆ. ಪಾಲಿನ ಫಂಕ್ಷನ್ನಿಗೆ 5.10 ಮತ್ತು 3 ಕೊಟ್ಟು ಒಂದು ಹೆಜ್ಜೆ ಇಡಿ. ಕೆಳಗಿನ ಲೋಕಲ್ ವೇರಿಯೇಬಲ್ ಪಟ್ಟಿಯಲ್ಲಿ 1.7 ಮೂಡುವ ಸಾಲೇ ತಪ್ಪಿನ ಸಾಲು. ಆ ಮೌಲ್ಯವನ್ನು ಅಲ್ಲಿಯೇ ತಿದ್ದಿ, ಮುಂದಿನ ಸಾಲುಗಳು ಸರಿಯಿವೆಯೇ ಎಂದು ನೋಡಬಹುದು.

ಟ್ರಿಗರ್ ಫಂಕ್ಷನ್ನನ್ನು ಹೀಗೆ ನೇರವಾಗಿ ಕರೆಯಲಾಗದು. ಅದಕ್ಕೆ ಬ್ರೇಕ್‌ಪಾಯಿಂಟ್ ಇಟ್ಟು ಕಾಯಬೇಕು. ಇನ್ನೊಂದು ಕಿಟಕಿಯಿಂದ ಆ ಟೇಬಲ್ಲಿಗೆ ಒಂದು ಸಾಲು ಸೇರಿಸಿದಾಗ ಡಿಬಗರ್ ಹಿಡಿಯುತ್ತದೆ. ಈ ಬಗೆಯ ಬ್ರೇಕ್‌ಪಾಯಿಂಟಿಗೆ ಸೂಪರ್‌ಯೂಸರ್ ಹಕ್ಕು ಬೇಕು. ನಿಮ್ಮದೇ ಯಂತ್ರದಲ್ಲಿ ಅದು ನಿಮ್ಮ ಕೈಯಲ್ಲಿದೆ, ಬಾಡಿಗೆ ಕ್ಲೌಡ್ ಡೇಟಾಬೇಸುಗಳಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ.

ಒರಾಕಲ್ ಕೆಲಸಕ್ಕೆ ಸೇರಿದವರಿಗೆ ಎಸ್‌ಕ್ಯೂಎಲ್ ಡೆವಲಪರ್ ಸಾಕು. 2006ರಿಂದ ಒರಾಕಲ್ ಕಂಪನಿಯೇ ಉಚಿತವಾಗಿ ಕೊಡುತ್ತಿದೆ. ಕ್ವೆಸ್ಟ್ ಕಂಪನಿಯ ಟೋಡ್, ಆಲ್‌ರೌಂಡ್ ಆಟೊಮೇಶನ್ಸ್‌ನವರ ಪಿಎಲ್/ಎಸ್‌ಕ್ಯೂಎಲ್ ಡೆವಲಪರ್ ಹಣ ಕೊಟ್ಟು ಕೊಳ್ಳುವಂಥವು. ಆಫೀಸು ಕೊಡಿಸಿದರೆ ಬಳಸಿ. ಒರಾಕಲ್ಲಿನಲ್ಲಿ ಹೊಸಬರು ಎಡವುವುದು ಮೂರು ಕಡೆ. ಡಿಬಗ್ ಮಾಡುವ ಹಕ್ಕುಗಳನ್ನು ಡೇಟಾಬೇಸ್ ನಿರ್ವಾಹಕರಿಂದ (ಡಿಬಿಎ) ಕೇಳಿ ಪಡೆಯಬೇಕು. ಪ್ರೊಸೀಜರನ್ನು ‘ಡಿಬಗ್‌ಗಾಗಿ ಕಂಪೈಲ್’ ಮಾಡಬೇಕು, ಸಿಯಲ್ಲಿ ‘-ಜಿ’ ಕೊಟ್ಟಂತೆಯೇ. ಇನ್ನೊಂದು, ಎಸ್‌ಕ್ಯೂಎಲ್ ಡೆವಲಪರಿನ ಜೆಡಿಡಬ್ಲ್ಯುಪಿ ಬಗೆಯ ಡಿಬಗ್ಗಿನಲ್ಲಿ ಡೇಟಾಬೇಸೇ ತಿರುಗಿ ನಿಮ್ಮ ಲ್ಯಾಪ್‌ಟಾಪಿಗೆ ಸಂಪರ್ಕ ಬೆಳೆಸುತ್ತದೆ. ನಡುವೆ ಫೈರ್‌ವಾಲ್ ಇದ್ದರೆ ಎಷ್ಟು ಹೊತ್ತು ಕಾದರೂ ಡಿಬಗರ್ ಶುರುವಾಗುವುದಿಲ್ಲ. 12ಸಿ ಆವೃತ್ತಿಯಿಂದ ಈಚೆಗೆ ಆ ಸಂಪರ್ಕಕ್ಕೆ ಪ್ರತ್ಯೇಕ ಅನುಮತಿಯೂ ಬೇಕು.

ಒರಾಕಲ್ಲಿನಲ್ಲಿ ನಾರಾಯಣಪೇಟೆ ಮತ್ತೊಮ್ಮೆ ಕಾಡುತ್ತದೆ. ಅಲ್ಲಿ 20ರ ವಾರ್‌ಕ್ಯಾರ್2 ಎಂದರೆ, ಬೇರೆ ಹೇಳದಿದ್ದರೆ, 20 ಬೈಟ್. ಹೆಸರು ತುಂಬಲು ಹೋದರೆ ಒಆರ್‌ಎ-12899 ಎಂಬ ದೋಷ ಬರುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಬೈಟ್ ಎಣಿಸುವುದಿಲ್ಲ, ಸಂಕೇತಗಳನ್ನು ಎಣಿಸುತ್ತವೆ. ಅಲ್ಲಿ 20ರೊಳಗೆ ಹೆಸರು ಆರಾಮವಾಗಿ ಕೂರುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಅಕ್ಷರಸರಣಿಗೆ ಮೊದಲು ‘ಎನ್’ ಹಾಕಲು ಮರೆತರೆ ದೋಷವೇ ಬರುವುದಿಲ್ಲ, ಊರಿನ ಹೆಸರಿನ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ. ಸಿಯಂತೆ ಮೌನವಾಗಿ ಕೆಡಿಸುವುದಕ್ಕಿಂತ ಒರಾಕಲ್ಲಿನಂತೆ ಕೂಗಿ ಹೇಳುವುದು ಮೇಲು.

ಎಸ್‌ಕ್ಯೂಎಲ್ ಸರ್ವರಿನ ಕಥೆಯಲ್ಲಿ ಇನ್ನೊಂದು ಪಾಠವಿದೆ. ಅದರ ಜೊತೆ ಬಳಸುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಡಿಬಗರ್ ಇತ್ತು. 2019ರ 18ನೆಯ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ತೆಗೆದುಹಾಕಿತು. ಈಗ ವಿಷುಯಲ್ ಸ್ಟುಡಿಯೋದಲ್ಲಿ ಡೇಟಾ ಟೂಲ್ಸ್ ಹಾಕಿಕೊಂಡು ಮಾಡಬೇಕು, ಅದೂ ಸರ್ವರಿನಲ್ಲಿ ಸಿಸ್‌ಅಡ್ಮಿನ್ ಹಕ್ಕು ಇದ್ದರೆ. ಹಳೆಯ ಪುಸ್ತಕದ ಚಿತ್ರ ನೋಡಿ ಆ ಗುಂಡಿ ಹುಡುಕುವವರು ಇದನ್ನು ನೆನಪಿಡಬೇಕು.

ಮೈಎಸ್‌ಕ್ಯೂಎಲ್‌ಗೆ ಆ ಬಾಗಿಲೇ ಇಲ್ಲ. 2005ರಿಂದ ಅದರಲ್ಲಿ ಸ್ಟೋರ್ಡ್ ಪ್ರೊಸೀಜರುಗಳಿವೆ, ಆದರೆ ಅವುಗಳನ್ನು ನಿಲ್ಲಿಸಿ ನೋಡುವ ವ್ಯವಸ್ಥೆಯನ್ನು ಸರ್ವರ್ ಕೊಟ್ಟಿಲ್ಲ. ಅದರ ಗ್ರಾಫಿಕಲ್ ಉಪಕರಣವಾದ ವರ್ಕ್‌ಬೆಂಚಿನಲ್ಲೂ ಪ್ರೊಸೀಜರ್ ಡಿಬಗರ್ ಇಲ್ಲ. ಡೆವಾರ್ಟ್ ಕಂಪನಿಯ ಡಿಬಿಫೋರ್ಜ್ ಸ್ಟುಡಿಯೋದಂಥ ಉಪಕರಣಗಳು ಪ್ರೊಸೀಜರಿನೊಳಗೆ ತಮ್ಮ ಸಹಾಯಕ ಸಾಲುಗಳನ್ನು ಸೇರಿಸಿ ಆ ಅನುಭವವನ್ನು ಕಟ್ಟಿಕೊಡುತ್ತವೆ. ಕೆಲಸ ಆಗುತ್ತದೆ, ಆದರೆ ಡಿಬಗ್ ಮಾಹಿತಿ ಸೇರಿಸಿ ಮರುಕಂಪೈಲ್ ಆದ ಆ ಪ್ರೊಸೀಜರನ್ನು ಹಾಗೇ ಬಳಕೆಗೆ ಬಿಟ್ಟು ಬರಬಾರದು. ಡೇಟಾಬೇಸ್ ಫಂಕ್ಷನ್ ಬರೆಯುವುದನ್ನು ಮೊದಲ ಸಲ ಕಲಿಯುವವರಿಗೆ ಮೈಎಸ್‌ಕ್ಯೂಎಲ್ ಸರಿಯಾದ ಗುರು ಅಲ್ಲ.

ಯಾವ ಡೇಟಾಬೇಸಾದರೂ ಒಂದು ಎಚ್ಚರಿಕೆ ಮಾತ್ರ ಬದಲಾಗದು. ಸಿ ಪ್ರೋಗ್ರಾಮನ್ನು ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲಿಸಿ ಚಹಾ ಕುಡಿಯಲು ಹೋಗಬಹುದು, ಯಾರಿಗೂ ತೊಂದರೆಯಿಲ್ಲ. ಡೇಟಾಬೇಸಿನ ಫಂಕ್ಷನ್ನನ್ನು ನಡುವೆ ನಿಲ್ಲಿಸಿದರೆ ಅದರ ಟ್ರಾನ್ಸಾಕ್ಷನ್ ತೆರೆದೇ ಇರುತ್ತದೆ. ಅದು ಆಗಲೇ ಬದಲಿಸಿದ ಸಾಲುಗಳ ಮೇಲಿನ ಬೀಗ ಹಾಗೇ ಉಳಿಯುತ್ತದೆ. ಆ ಸಾಲನ್ನು ಬದಲಿಸಬೇಕಾದ ಇನ್ನೊಂದು ಕೌಂಟರಿನ ಗುಮಾಸ್ತರು, ಅವರೆದುರು ನಿಂತ ರೈತರು ನೀವು ಚಹಾ ಮುಗಿಸುವವರೆಗೆ ಕಾಯುತ್ತಾರೆ. ಜನ ಬಳಸುತ್ತಿರುವ ಡೇಟಾಬೇಸಿನಲ್ಲಿ ಡಿಬಗರ್ ತೆರೆಯಲೇಬೇಡಿ. ಅದರ ಸಣ್ಣ ನಕಲೊಂದನ್ನು ನಿಮ್ಮ ಯಂತ್ರದಲ್ಲಿ ಇಟ್ಟುಕೊಂಡು, ನಿಜವಾದ ಹೆಸರುಗಳ ಬದಲು ಕಲ್ಪಿತ ಹೆಸರು ತುಂಬಿ ಅಲ್ಲಿ ಪ್ರಯೋಗ ಮಾಡಿ. ಇನ್ನೊಂದು ಮಿತಿಯೂ ಇದೆ. ಡಿಬಗರ್ ಫಂಕ್ಷನ್ನಿನ ಸಾಲುಗಳ ನಡುವೆ ನಿಲ್ಲುತ್ತದೆ, ಆದರೆ ಒಂದು ಅಪ್‌ಡೇಟ್ ಹೇಳಿಕೆ ಅದಕ್ಕೆ ಒಂದೇ ಹೆಜ್ಜೆ. ಆ ಹೇಳಿಕೆ ಲಕ್ಷ ಸಾಲುಗಳಲ್ಲಿ ಯಾಕೆ ನಿಧಾನ ಎಂದು ತಿಳಿಯಲು ಎಕ್ಸ್‌ಪ್ಲೇನ್ ಎಂಬ ಎಸ್‌ಕ್ಯೂಎಲ್ ಆದೇಶ ಬೇಕು, ಡಿಬಗರ್ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ‘ಒಂದು ಹೆಸರು ಹೇಳಿ’ ಎಂದರೆ, ಎರಡು ಹೆಸರು. ಕಂಪೈಲ್ ಆದ ಪ್ರೋಗ್ರಾಮುಗಳಿಗೆ ಜಿಡಿಬಿ, ಅದರ ಮೇಲೆ ಯಂತ್ರದ ಶಕ್ತಿ ನೋಡಿಕೊಂಡು ವಿಎಸ್ ಕೋಡ್ ಅಥವಾ ಕೆಡಿಬಿಜಿ. ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಪಿಎಲ್‌ಡಿಬಗರ್ ಮತ್ತು ಪಿಜಿಅಡ್ಮಿನ್. ಆಫೀಸಿನಲ್ಲಿ ಒರಾಕಲ್ಲೋ ಎಸ್‌ಕ್ಯೂಎಲ್ ಸರ್ವರೋ ಕೊಟ್ಟರೆ ಅಲ್ಲಿನ ಕಿಟಕಿಯನ್ನು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ, ಯಾಕೆಂದರೆ ಬ್ರೇಕ್‌ಪಾಯಿಂಟ್, ಹೆಜ್ಜೆ, ವೇರಿಯೇಬಲ್ ಪಟ್ಟಿ, ಕಾಲ್ ಸ್ಟ್ಯಾಕ್ ಎಲ್ಲ ಕಡೆಯೂ ಇವೆ. ಒಂದು ಉಪಕರಣವೇ ಎರಡೂ ಕೆಲಸ ಮಾಡಲಿ ಎಂದು ಹುಡುಕುತ್ತ ಕೂರಬೇಡಿ. ಡಿಬೀವರ್‌ನಂಥ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಫಂಕ್ಷನ್ನುಗಳನ್ನು ಡಿಬಗ್ ಮಾಡುತ್ತದೆ ನಿಜ, ಆದರೆ ಸರ್ವರಿನಲ್ಲಿ ಅದೇ ಪಿಎಲ್‌ಡಿಬಗರ್ ಬೇಕು.

ಅಧ್ಯಾಪಕರಲ್ಲಿ ಒಂದು ವಿನಂತಿ. ಪರೀಕ್ಷೆಯಲ್ಲಿ ‘ಪ್ರೋಗ್ರಾಂ ಬರೆದು ಔಟ್‌ಪುಟ್ ತೋರಿಸಿ’ ಎನ್ನುವ ಪ್ರಶ್ನೆಯ ಪಕ್ಕದಲ್ಲಿ, ತಪ್ಪಿರುವ ಪ್ರೋಗ್ರಾಂ ಒಂದನ್ನು ಕೊಟ್ಟು ‘ಯಾವ ಸಾಲಿನಲ್ಲಿ ಯಾವ ವೇರಿಯೇಬಲ್ ಕೆಟ್ಟಿತು ಎಂದು ಡಿಬಗರಿನಲ್ಲಿ ತೋರಿಸಿ’ ಎಂದು ಕೇಳಿ. ಮೂರು ಊರಿನ ಅರೇ, ಮೂವರು ಅಣ್ಣತಮ್ಮಂದಿರ ಹೊಲ, ಎರಡೂ ಆ ಕೆಲಸಕ್ಕೆ ಒದಗುತ್ತವೆ. ಲ್ಯಾಬಿನ ಯಂತ್ರಗಳಲ್ಲಿ ಸರ್ವರಿನ ಸಂರಚನಾ ಫೈಲ್ ತಿದ್ದಿ ಮರುಚಾಲನೆ ಮಾಡುವ ಹಕ್ಕು ವಿದ್ಯಾರ್ಥಿಗಳಿಗೆ ಇರುವುದಿಲ್ಲ. ಅದನ್ನು ಶೈಕ್ಷಣಿಕ ವರ್ಷದ ಮೊದಲ ವಾರದಲ್ಲೇ ನೀವು ಮಾಡಿಕೊಡಬೇಕು.

ವಿದ್ಯಾರ್ಥಿಗಳಲ್ಲಿ ಇನ್ನೊಂದು. ಅಭ್ಯಾಸದ ಡೇಟಾದಲ್ಲಿ ಇಂಗ್ಲಿಷ್ ಹೆಸರುಗಳನ್ನಷ್ಟೇ ತುಂಬಬೇಡಿ. ನಿಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಕೊಟ್ಟು ಓಡಿಸಿ, ಡಿಬಗರಿನಲ್ಲಿ ಬೈಟುಗಳನ್ನು ಎಣಿಸಿ. ಇಲ್ಲಿ ಆರಿಸಿ ಹೇಳಿದ ಜಿಡಿಬಿ, ವಿಎಸ್ ಕೋಡ್, ಕೆಡಿಬಿಜಿ, ಪೋಸ್ಟ್‌ಗ್ರೆಸ್, ಪಿಎಲ್‌ಡಿಬಗರ್, ಪಿಜಿಅಡ್ಮಿನ್ ಎಲ್ಲವೂ ಉಚಿತ. ಒಮ್ಮೆ ಇಳಿಸಿಕೊಂಡು ಹಾಕಿದ ಮೇಲೆ ಇಂಟರ್ನೆಟ್ ಇಲ್ಲದಿದ್ದರೂ ಓಡುತ್ತವೆ.

ಇಂತಿ,
ವಿಶ್ವಾಸಗಳೊಂದಿಗೆ,
ಕೃಷ್ಣೆಯ ಆಚೆ ದಡದ ಒಬ್ಬ ಪ್ರೋಗ್ರಾಮರ್